ಸಣ್ಣತಾಯಮ್ಮನವರ ದೃಷ್ಟಿಬೊಟ್ಟು

ನಂಜನಗೂಡಿನ ನಮ್ಮ ಬೀದಿಯ ಕೂಸುಗಳೆಲ್ಲ ಸಣ್ಣತಾಯಮ್ಮನವರ ಕಾಲ ಮೇಲೆ ಮಲಗಿಯೇ ದೊಡ್ಡವಾಗಿದ್ದು. ಹಂಡೆಯ ನೀರು ಕಾಯುವ ಹೊತ್ತಿಗೆ ಬಂದು, ಸೀರೆ ಎತ್ತಿ ಕಟ್ಟಿ, ಮಣೆ ಮೇಲೆ ಕಾಲು ಚಾಚಿ ಕೂರುತ್ತಾರೆ. ಹರಳೆಣ್ಣೆ ತೀಡಿ, ನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಎಡಗೆನ್ನೆಗೆ ಕಾಡಿಗೆಯ ದೃಷ್ಟಿಬೊಟ್ಟು ಒತ್ತಿ ಕೈಗೆ ಕೊಟ್ಟರೆ ಕೂಸು ಮಧ್ಯಾಹ್ನದವರೆಗೆ ಏಳುವುದಿಲ್ಲ. ಏಳದಿದ್ದರೆ ನನಗೆ ಭಯ. ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಲೇ ಇರುತ್ತೇನೆ.

"ಉಸ್ರು ಐತೆ ಕಣವ್ವ, ಬುಡು ಅದ್ರ ಪಾಡಿಗೆ," ಎಂದು ಬೈಯುತ್ತಾರೆ.

ಅವರಿಗೊಂದು ಕೊರಗಿತ್ತು. ನಾಮಕರಣಕ್ಕೆ ಫೋಟೋದವನು ಬಂದಾಗಲೆಲ್ಲ ಕೂಸಿನ ಕತ್ತು ಆನಿಸಿ ಹಿಡಿಯಲು ಇವರೇ ಬೇಕು. ಫೋಟೋ ಬಂದ ಮೇಲೆ ನೋಡಿದರೆ ಎರಡು ಕೈ, ಒಂದಿಷ್ಟು ಬಳೆ. ಮಿಕ್ಕಿದ್ದೆಲ್ಲ ಹಿನ್ನೆಲೆಗೆಂದು ಇಳಿಬಿಟ್ಟ ಟವೆಲಿನ ಹಿಂದೆ.

"ಊರ್ ತುಂಬ ಗ್ವಾಡೆ ಮ್ಯಾಲೆ ನನ್ ಕೈ ಅವೆ ಕಣವ್ವ, ಮೊಕ ಒಂದ್ ಮನೇಲೂ ಇಲ್ಲ. ನಾಳೆ ನಾನ್ ಸತ್ರೆ ಊವಿನ್ ಆರ ಯಾವ್ದಕ್ಕೆ ಆಕೀರಿ? ಕೈಗಾ?"

ತೊಂಬತ್ತೆಂಟರ ಚಳಿಗಾಲದಲ್ಲಿ ಫ್ರಾನ್ಸಿನಿಂದ ಒಂದು ಸಿನಿಮಾ ತಂಡ ಬಂತು. ಬಿಳಿಗೆರೆಯ ಹಳೆಯ ತೊಟ್ಟಿಮನೆಯಲ್ಲಿ ಕೂಸಿನ ಸ್ನಾನದ ದೃಶ್ಯ ತೆಗೆಯಬೇಕಂತೆ. ಅವರ ದುಭಾಷಿ ಜಗನ್ ನನ್ನ ಯಜಮಾನರ ಸ್ನೇಹಿತ. ಆತನೇ ನಮ್ಮ ಐದು ತಿಂಗಳ ಕೂಸು ಚೈತ್ರಳನ್ನೂ ಸಣ್ಣತಾಯಮ್ಮನವರನ್ನೂ ಗೊತ್ತು ಮಾಡಿದ್ದು. ಡಾಕ್ಟರು ಎಷ್ಟು ದೂರ, ದೀಪದ ಶಾಖ ಎಷ್ಟು, ಚಳಿಗಾಳಿಗೆ ನೆಗಡಿಯಾದರೆ ಯಾರು ಹೊಣೆ, ಎಲ್ಲ ಕೇಳಿದೆ. ಆದರೂ ಮಗಳ ಮುಖ ಪ್ಯಾರಿಸ್ಸಿನ ತೆರೆಯ ಮೇಲೆ! ಬೆಂಗಳೂರಿನ ಅಮ್ಮನಿಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದೆ.

ಸಣ್ಣತಾಯಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಲೋ ಜಗ, ನನ್ ಮೊಕ ಬತ್ತದಾ?"

ಜಗನ್ ನಿರ್ದೇಶಕಿ ಮೇಡಂ ಹತ್ತಿರ ಮಾತಾಡಿ ಬಂದ. "ನಿಮ್ಮ ಕೈ ಬಾಳ ಚೆನ್ನಾಗದಂತೆ ಕಣಮ್ಮ. ಕೈ ಮತ್ತೆ ಮಗು ಮುಖ, ಅಷ್ಟೇ ಸಾಕಂತೆ."

"ಸಮುದ್ರ ದಾಟ್ಕಂಡ್ ಬಂದೋರ್ಗೂ ನನ್ ಕೈಯೇ ಬೇಕಾಯ್ತೇನ್ಲಾ?" ಎಂದವರು ಮತ್ತೆ ಮಾತಾಡಲಿಲ್ಲ. ಸುಮ್ಮನಾಗುವ ಹೆಂಗಸೇ ಅಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಪರದೇಶದಲ್ಲಿ ಸಿನಿಮಾ ತೆಗೆಯುವವರ ಪಾಡು ನೋಡಿದ್ದು ಆಗಲೇ. ದೆಹಲಿಯ ಅನುಮತಿ, ವಿಮೆ, ಕುಡಿಯುವ ನೀರು ಎಲ್ಲಕ್ಕೂ ಮೊದಲೇ ಯೋಚನೆ ಮಾಡಿದ್ದರು. ಕರೆಂಟ್ ಹೋಗುತ್ತದೆಂದು ಜನರೇಟರ್ ಕೂಡ ತಂದಿದ್ದರು. ಅದನ್ನು ಚಾಲೂ ಮಾಡಿದೊಡನೆ ಚೈತ್ರ ಕಿರುಚಿದಳು. ಸರಿ, ಜನರೇಟರ್ ಬೇಡ, ಸೂರ್ಯನೇ ಗತಿ ಎಂದಾಯಿತು. ತೊಟ್ಟಿಯೊಳಕ್ಕೆ ಬೆಳಗಿನ ಬಿಸಿಲು ಬೀಳುವುದೇ ಸ್ವಲ್ಪ ಹೊತ್ತು. ಹಾಗಾಗಿ ಒಂದು ಸ್ನಾನವನ್ನು ಮೂರು ಬೆಳಗು ತೆಗೆದು, ಒಂದೇ ಸ್ನಾನದಂತೆ ಜೋಡಿಸಬೇಕಾಯಿತು.

ಅದಕ್ಕೆಂದೇ ಒಬ್ಬಳು ಹುಡುಗಿಯಿದ್ದಳು. ಮಣೆ, ಟವೆಲು, ಬಳೆ, ಎಲ್ಲವೂ ನಿನ್ನೆ ಇದ್ದಂತೆಯೇ ಇದೆಯೇ ಎಂದು ಫೋಟೋ ಹಿಡಿದು ತಾಳೆ ನೋಡುವುದು ಅವಳ ಕೆಲಸ. ನೀರಿಗೆ ಥರ್ಮಾಮೀಟರ್ ಇಳಿಸುವುದೂ ಅವಳೇ.

"ನೀರ್ಗೂ ಜ್ವರ ನೋಡ್ತವ್ಳಲ್ಲ!" ಎಂದು ಸಣ್ಣತಾಯಮ್ಮ ನಕ್ಕರು. ಆದರೆ ನೀರು ಕೂಸಿಗೆ ತೀರಾ ಬಿಸಿ ಎಂದು ಆ ಹುಡುಗಿ ಎರಡು ಚೊಂಬು ತಣ್ಣೀರು ಸುರಿಸಿದಳು. ನಾನು ಐದು ತಿಂಗಳಿಂದ ಹೇಳುತ್ತಿದ್ದುದೂ ಅದನ್ನೇ. ಒಳಗೊಳಗೇ ಕುಣಿದಾಡಿದೆ.

ಇಷ್ಟು ಜನರ ಎದುರು ಬೊಟ್ಟಿಲ್ಲದೆ ಕೂಸಿನ ಬಟ್ಟೆ ಬಿಚ್ಚುವುದಿಲ್ಲವೆಂದು ಸಣ್ಣತಾಯಮ್ಮ ಹಟ ಹಿಡಿದು, ನೀರಿಗೆ ಮುಂಚೆಯೇ ಬೊಟ್ಟಿಟ್ಟರು. ಎಣ್ಣೆಕಾಡಿಗೆ, ನೀರಿಗೆ ಜಗ್ಗುವುದಿಲ್ಲ. ಮೊದಲ ದಿನ ಎಡಗೆನ್ನೆ. ಎರಡನೆಯ ದಿನ ಬಲಗೆನ್ನೆ. ನನ್ನ ಗಮನವೆಲ್ಲ ಚೈತ್ರಳಿಗೆ ಎಲ್ಲಿ ನೆಗಡಿಯಾಗುವುದೋ ಎಂಬುದರ ಮೇಲಿತ್ತು, ಆ ಹುಡುಗಿಯದು ಥರ್ಮಾಮೀಟರಿನ ಮೇಲೆ. ಮೂರನೆಯ ದಿನ ಗಲ್ಲದ ಮೇಲೆ ಬೊಟ್ಟು ಕಂಡಾಗ ಆ ಹುಡುಗಿ ಫೋಟೋಗಳನ್ನು ಹರವಿಕೊಂಡು ಚೀರಿದಳು.

ಜಗನ್ ಓಡಿ ಬಂದ. "ಅಮ್ಮಾ, ಹುಟ್ಟುಮಚ್ಚೆ ಅಂದ್ಕೊಂಡಿದ್ರಂತೆ. ಮಚ್ಚೆ ಓಡಾಡ್ತದಾ ಅಂತ ಕೇಳ್ತಾವ್ರೆ!"

"ಮಚ್ಚೆ ಅಲ್ಲ ಕಣ್ಲಾ, ದಿಷ್ಟಿಬೊಟ್ಟು. ದಿನಾ ಒಂದೇ ಕಡೆ ಮಡಗುದ್ರೆ ದಿಷ್ಟಿಗೂ ಜಾಗ ಗೊತ್ತಾಗೋಯ್ತದೆ. ಅದ್ಕೇ ಬದ್ಲಾಯಿಸ್ಬೇಕು."

"ಒರೆಸಿ, ಮತ್ತೆ ಎಡಗಡೆ ಇಡಿ ಅಂತಾವ್ರೆ."

"ಆ ಒಂಟಿಕಣ್ಣಿನ ಪೆಟ್ಗೆ ಮುಂದೆ ಇಟ್ಟ ಬೊಟ್ಟು ಒರಸೋದಾ? ಕೂಸಿನ ತಾಯಿ ಇಲ್ಲೇ ಅವ್ಳೆ, ಒರಸ್ಲಿ ನೋಡ್ತೀನಿ."

ಎಲ್ಲರೂ ನನ್ನತ್ತ ತಿರುಗಿದರು. ಓದಿದವಳು, ದೃಷ್ಟಿಗಿಷ್ಟಿ ನಂಬುವವಳಲ್ಲ. ಸೆರಗಿನ ತುದಿಯನ್ನು ಒದ್ದೆ ಕೂಡ ಮಾಡಿಕೊಂಡೆ. ಅಷ್ಟರಲ್ಲಿ ಚೈತ್ರ ಒಂದು ಸೀನು ಸೀನಿದಳು. ನನ್ನ ಕೈ ಏಳಲಿಲ್ಲ.

ಮರುದಿನವೇ ಅವರ ವಿಮಾನ. ಬಿಸಿಲು ಆಗಲೇ ಕಂಬದ ಬುಡಕ್ಕೆ ಸರಿಯುತ್ತಿತ್ತು. ಮೇಡಂ ತಲೆ ಮೇಲೆ ಕೈಹೊತ್ತು ಒಂದು ಗಳಿಗೆ ಕೂತರು. ಎದ್ದವರೇ, ಮೂರು ದಿನದ ಮೂರು ಮುಖ ಒಂದಕ್ಕೊಂದು ಕೂಡುವುದಿಲ್ಲ, ಕೂಸಿನ ಮುಖವೇ ಬೇಡ ಎಂದು, ಕ್ಯಾಮೆರಾವನ್ನು ಎತ್ತಿಸಿ ಚೈತ್ರಳ ಬೆನ್ನ ಕಡೆಗೆ ಇಡಿಸಿದರು. ಅಲ್ಲಿಂದ ನೋಡಿದರೆ ಕಾಣುವುದು ಎದುರು ಕೂತವರ ಮುಖವೊಂದೇ. ಸಣ್ಣತಾಯಮ್ಮ ಮುಂಗುರುಳನ್ನು ಕಿವಿ ಹಿಂದೆ ಸರಿಸಿಕೊಂಡರು.

ವರ್ಷದ ಮೇಲೆ ಜಗನ್ ಕ್ಯಾಸೆಟ್ ತಂದುಕೊಟ್ಟ. ಅಲ್ಲಿಯ ಕ್ಯಾಸೆಟ್ಟು ನಮ್ಮ ವಿಸಿಪಿಯಲ್ಲಿ ಬಣ್ಣವಿಲ್ಲದೆ ಓಡಿತು. ಅಪ್ಪ ಅಮ್ಮ ಬೆಂಗಳೂರಿನಿಂದ ಮೊಮ್ಮಗಳನ್ನು ನೋಡಲೆಂದೇ ಬಂದಿದ್ದರು. ಕಂಡದ್ದು ಒಂದು ಹಿಮ್ಮಡಿ, ಒಂದು ಪುಟ್ಟ ಅಂಡು. ಮಿಕ್ಕಂತೆ ತೆರೆಯ ತುಂಬ ಸಣ್ಣತಾಯಮ್ಮ: ಮೂಗುಬಟ್ಟು, ಬೆವರು, ಎಲೆ ಅಡಿಕೆಯ ನಗು.

"ಕೂಸು ಎಷ್ಟ್ ಚೆಂದಾಗ್ ಬಿದ್ದದೆ ನೋಡವ್ವ," ಎಂದರು ಟೀವಿಯ ಮುಂದೆಯೇ ಕೂತಿದ್ದ ಸಣ್ಣತಾಯಮ್ಮ, ತೆರೆಯ ಮೇಲಿನ ತಮ್ಮ ಮುಖದಿಂದ ಕಣ್ಣು ಕೀಳದೆ. ಅಮ್ಮ ನನ್ನ ಮುಖ ನೋಡಿದರು. ನಾನು ವಿಸಿಪಿಯ ವೈರು ಸರಿಮಾಡುವವಳಂತೆ ಬಗ್ಗಿದೆ.

ಈಗ ನನ್ನ ಎರಡನೆಯ ಕೂಸಿಗೂ ಅವರದೇ ಎಣ್ಣೆ ನೀರು. ಬಾಣಂತನ ಮುಗಿಯುತ್ತ ಬಂತು, ಬೊಟ್ಟು ಮಾತ್ರ ದಿನವೂ ಎಡಗೆನ್ನೆಗೇ ಬೀಳುತ್ತಿದೆ. ಮೊನ್ನೆ ತಡೆಯಲಾರದೆ ಕೇಳಿಯೇಬಿಟ್ಟೆ. "ದಿನಾ ಜಾಗ ಬದಲಾಯಿಸಬೇಕು ಅಂದಿದ್ರಲ್ಲ ಸಣ್ಣತಾಯಮ್ಮ?"

ಮಗನನ್ನು ಟವೆಲಿನಲ್ಲಿ ಸುತ್ತಿ ನನ್ನ ಕೈಗಿಡುತ್ತ, "ಈಗ್ಯಾಕವ್ವ? ನನ್ ಮೊಕ ಬಿದ್ದಾಯ್ತಲ್ಲ," ಎಂದರು.