ನಕುರು ಅನ್ನೋ ನಮ್ಮೂರು

ನಾನು ಹುಟ್ಟಿದ್ದು ಕೆನ್ಯಾದ ನಕುರು ಪಟ್ಟಣದಲ್ಲಿ. ಹಾಸನದಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದ ಅಪ್ಪ ಪೇಪರಿನಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿ, ಅಲ್ಲಿನ ಹೈಸ್ಕೂಲಿಗೆ ಗಣಿತದ ಮೇಷ್ಟ್ರಾಗಿ ಹೋದರು. ಎರಡು ವರ್ಷದ ಕರಾರು ಎಂದು ಹೋದವರು ನನ್ನ ಶಾಲೆ ಮುಗಿಯುವವರೆಗೂ ಅಲ್ಲೇ ಉಳಿದುಬಿಟ್ಟರು. ಮದುವೆಯಾದ ಹೊಸದರಲ್ಲೇ ಜೊತೆಗೆ ಹೋದ ಅಮ್ಮ, ಹಿಂದಿಗಿಂತ ಮೊದಲು ಸ್ವಾಹಿಲಿ ಕಲಿತಳು. ಮುಂದೆ ನಾನು ಇಂಜಿನಿಯರಿಂಗ್ ಓದಲು ಮೈಸೂರಿಗೆ ಬಂದಾಗ ಹಾಸ್ಟೆಲಿನ ಹುಡುಗಿಯರು ನನ್ನನ್ನು 'ಆಫ್ರಿಕಾ' ಎಂದೇ ಕರೆಯುತ್ತಿದ್ದರು. ನನಗೆ ಬೇಜಾರಾಗುತ್ತಿರಲಿಲ್ಲ. ಅವರಿಗೆ ತಮಾಷೆ, ನನಗೆ ಅದು ವಿಳಾಸ.

ನಕುರುವಿನ ನಮ್ಮ ಮನೆಯಲ್ಲಿ ಅಪ್ಪ ಒಂದು ಕಟ್ಟುನಿಟ್ಟಿನ ನಿಯಮ ಇಟ್ಟಿದ್ದರು: ರಾಜಕೀಯ ಮಾತಾಡಬಾರದು. ಅಂಗಡಿ, ಆಸ್ಪತ್ರೆ, ಅಂಚೆ ಕಚೇರಿ, ಎಲ್ಲಿ ನೋಡಿದರೂ ಅಧ್ಯಕ್ಷರ ಫೋಟೊ. ಅದರ ಎದುರು ಜನ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ನೈರೋಬಿಯಲ್ಲಿ ಸೈನಿಕರ ಒಂದು ಗುಂಪು ದಂಗೆಯೆದ್ದು, ಭಾರತೀಯರ ಅಂಗಡಿಗಳು ಲೂಟಿಯಾದವು. ನಮ್ಮ ಊರಿಗೆ ಅದು ಮುಟ್ಟಲಿಲ್ಲ. ಆದರೂ ಅಪ್ಪ ಕಿಟಕಿಯ ಪರದೆ ಎಳೆದು, "ನಾವು ಇಲ್ಲಿ ಅತಿಥಿಗಳಮ್ಮ, ತಿಳ್ಕೊ" ಎಂದಿದ್ದು ನೆನಪಿದೆ. ಅಲ್ಲೇ ಹುಟ್ಟಿ, ಅಲ್ಲೇ ಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದ ನನಗೆ ಆ ಮಾತು ಅರ್ಥವಾಗಲಿಲ್ಲ. ಅತಿಥಿ ಅಂದರೆ ವಾಪಸ್ ಹೋಗುವವರಲ್ಲವೇ?

ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರುಗಳು ಕೆಡುತ್ತವೆ ಎಂಬ ವೈಟುಕೆ ಗಡಿಬಿಡಿಯ ಕಾಲದಲ್ಲಿ, ಹಳೆಯ ಪ್ರೋಗ್ರಾಂಗಳಲ್ಲಿ ಇಸವಿ ತಿದ್ದುವ ಕೆಲಸಕ್ಕೆ ನ್ಯೂಜೆರ್ಸಿಗೆ ಬಂದೆ. ಅದೇ ಕೆಲಸಕ್ಕೆ ಬಂದಿದ್ದ ಹಾವೇರಿಯ ಹುಡುಗನನ್ನು ಮದುವೆಯಾದೆ. ಹೋಬೋಕನ್‌ನಲ್ಲಿ ಮೂರನೇ ಮಹಡಿಯ ಅಪಾರ್ಟ್‌ಮೆಂಟು. ಮನೆಗೊಂದು ಅಡುಗೆ ತರುವ ಕನ್ನಡದವರ ಪಾಟ್‌ಲಕ್‌ಗಳಲ್ಲಿ "ಯಾವೂರಾಯ್ತು ನಿಮ್ದು?" ಎಂದು ಯಾರಾದರೂ ಕೇಳಿದರೆ "ನಕುರು" ಅನ್ನುತ್ತಿದ್ದೆ. "ಅದು ಚನ್ನರಾಯಪಟ್ಟಣದ ಹತ್ರ ಬರುತ್ತಲ್ವಾ?" ಎಂದು ಒಬ್ಬ ಅಂಕಲ್ ತುಂಬ ವಿಶ್ವಾಸದಿಂದ ಕೇಳಿದ್ದರು.

ಗ್ರೀನ್ ಕಾರ್ಡಿನ ವಿಷಯದಲ್ಲಿ ಮಾತ್ರ ನಕುರು ನಮ್ಮ ಕೈ ಹಿಡಿಯಿತು. ಅಮೆರಿಕದ ಸರದಿ ಪಾಸ್‌ಪೋರ್ಟು ನೋಡುವುದಿಲ್ಲ, ಹುಟ್ಟಿದ ದೇಶ ನೋಡುತ್ತದೆ. ಭಾರತದ ಸಾಲಿನಲ್ಲಿ ಜೊತೆಯವರೆಲ್ಲ ಕಾಯುತ್ತಿದ್ದಾಗ ನಾನು ಕೆನ್ಯಾದ ಸಾಲಿನಲ್ಲಿ ಸಲೀಸಾಗಿ ಮುಂದೆ ಹೋದೆ, ಗಂಡನೂ ನನ್ನ ಹಿಂದೆ ಬಂದ. "ನಿಮ್ಮ ಊರಿಂದ ನಮಗ ಅನ್ನ ಹತ್ತಿತು ನೋಡು" ಎಂದು ಅವನು ಇವತ್ತಿಗೂ ಅನ್ನುತ್ತಾನೆ. ನನ್ನನ್ನು ಕೆನ್ಯಾದವಳು ಎಂದು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡ ಮೊದಲ ಸರ್ಕಾರ ಅದು. ಅಷ್ಟರಲ್ಲಾಗಲೇ ಮಗಳು ಹುಟ್ಟಿದ್ದಳು.

ಆಫೀಸಿನಲ್ಲಿ ನನಗೊಬ್ಬ ಗೆಳತಿ ಸಿಕ್ಕಿದ್ದೂ ನಕುರುವಿನಿಂದಲೇ. ಡೇಟಾಬೇಸ್ ವಿಭಾಗದಲ್ಲಿದ್ದ ಅವಳು ಪಶ್ಚಿಮ ಕೆನ್ಯಾದವಳು. ಒಂದು ದಿನ ಕಾಫಿ ಮಷೀನು ಕೆಟ್ಟು, ಬಿಸಿ ನೀರು ಕೈಮೇಲೆ ಚೆಲ್ಲಿದಾಗ ನನ್ನ ಬಾಯಿಂದ ಸ್ವಾಹಿಲಿಯ ಒಂದು ಬೈಗುಳ ಹೊರಬಿತ್ತು. ಹಿಂದೆ ನಿಂತಿದ್ದ ಅವಳು ಬೆಚ್ಚಿಬಿದ್ದು, ಆಮೇಲೆ ಗೋಡೆ ಹಿಡಿದುಕೊಂಡು ನಕ್ಕಳು. "ಇದನ್ನ ನಿನಗೆ ಕಲಿಸಿದ್ದು ಯಾರು?" ಎಂದಳು. ನಮ್ಮ ಶಾಲೆಯ ಬಸ್ ಡ್ರೈವರು ಎಂದೆ.

ಆ ವರ್ಷದ ಚಳಿಗಾಲದಲ್ಲಿ ಕೆನ್ಯಾದಲ್ಲಿ ಚುನಾವಣೆ. ನಾನು ಶಾಲೆಯಲ್ಲಿದ್ದಾಗಿನಿಂದ ಆಳುತ್ತಿದ್ದ ಅಧ್ಯಕ್ಷರು ಕೆಳಗಿಳಿಯುವವರಿದ್ದರು, ವಿರೋಧ ಪಕ್ಷಗಳೆಲ್ಲ ಒಂದಾಗಿದ್ದವು. ಆಗ ಅಮ್ಮ ನಮ್ಮ ಮನೆಯಲ್ಲಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳು ಹಾಸನದಿಂದ ಮೊದಲ ಸಲ ಬಂದಿದ್ದು. ಕಿಟಕಿಯ ಆಚೆ ಹಿಮ, ಒಳಗೆ ಹೀಟರು. ಅವಳಿಗೆ ಮಾತಿಗೆ ಜನ ಇಲ್ಲ. ಗೆಳತಿ ಫೋನು ಮಾಡಿ, "ಭಾನುವಾರ ರಿಸಲ್ಟ್ ಬರುತ್ತೆ. ಜೆರ್ಸಿ ಸಿಟಿಯ ನಮ್ಮ ಮನೇಲಿ ಎಲ್ಲ ಸೇರ್ತೀವಿ. ಅಮ್ಮನ್ನೂ ಕರ್ಕೊಂಡು ಬಾ" ಎಂದಳು. ಅಮ್ಮ ಒಂದು ಕ್ಷಣ ಯೋಚಿಸಿ, "ಹೋಗಿ ಬರೋಣ, ಪಾಪ ಕರೆದಿದಾಳೆ. ಕೋಡುಬಳೆ ತಗೊಂಡು ಹೋಗೋಣ" ಎಂದಳು.

ಗೆಳತಿಯ ಮನೆಯದು ಚಿಕ್ಕ ಹಾಲ್, ತುಂಬ ಜನ. ಬಾಗಿಲ ಬಳಿ ಬೂಟುಗಳ ರಾಶಿ, ಒಳಗೆ ಚಹಾದ ಕುದಿ, ಎಣ್ಣೆ ಸವರಿದ ಪದರ ಪದರದ ಚಪಾತಿ. ಎಲ್ಲರೂ ಅಮ್ಮನನ್ನು "ಮಾಮಾ, ಮಾಮಾ" ಎಂದು ಕೈ ಹಿಡಿದು ಕೂರಿಸಿದರು. ಸ್ವಾಹಿಲಿಯಲ್ಲಿ ತಾಯಿಗೆ ಹಾಗೆನ್ನುವುದು. ನನ್ನ ಮಗಳಿಗೆ ನಗು ತಡೆಯಲಾಗಲಿಲ್ಲ. "ವೈ ಆರ್ ದೇ ಕಾಲಿಂಗ್ ಅಜ್ಜಿ ಮಾಮ? ಮಾಮ ಈಸ್ ಅ ಬಾಯ್!" ಅಮ್ಮ ಅವಳನ್ನು ಗದರಿಸಿ, ಚಪಾತಿಯ ಅಂಚು ಎತ್ತಿ ಪದರ ಪರೀಕ್ಷಿಸಿ, "ಚೆನ್ನಾಗಿ ಲಟ್ಟಿಸಿದಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಂಪ್ಯೂಟರಿನಲ್ಲಿ ಕೆನ್ಯಾದ ರೇಡಿಯೊ ಗೊರಗುಟ್ಟುತ್ತಿತ್ತು. ಮೂಲೆಯಲ್ಲಿ ಚರ್ಚಿನಿಂದ ನೇರ ಬಂದಿದ್ದ, ಸೂಟು ತೊಟ್ಟ ಹಿರಿಯರೊಬ್ಬರು ಕೂತಿದ್ದರು. ಸರ್ಕಾರವನ್ನು ಟೀಕಿಸಿದ್ದಕ್ಕೆ ಕಾಲೇಜಿನ ಕೆಲಸ ಕಳೆದುಕೊಂಡು ಅಮೆರಿಕಕ್ಕೆ ಬಂದವರು ಅವರು ಎಂದು ಗೆಳತಿ ಹೇಳಿದ್ದಳು. ನನ್ನನ್ನೇ ಬಹಳ ಹೊತ್ತು ನೋಡಿದವರು ಸ್ವಾಹಿಲಿಯಲ್ಲಿ ಕೇಳಿದರು: "ನಿಮ್ಮವರು ಅಂಗಡಿ ಇಟ್ರು, ಬಾಗಿಲು ಹಾಕ್ಕೊಂಡು ಕೂತ್ರು. ಅಲ್ಲಿ ಯಾರು ಗೆದ್ದರೆ ನಿಮಗೇನಾಗಬೇಕು?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳಿದ್ದರು. ಗೆಳತಿ ಅವರನ್ನು ಸುಮ್ಮನಿರಿಸಲು ಎದ್ದಳು. ಅಷ್ಟರಲ್ಲಿ ಅಮ್ಮ ಲೋಟ ಕೆಳಗಿಟ್ಟಳು.

"ನಮಗೆ ಅಂಗಡಿ ಇರಲಿಲ್ಲ, ಶಾಲೆಯ ಕ್ವಾರ್ಟರ್ಸು ಇತ್ತು" ಎಂದಳು, ಅವರದೇ ಭಾಷೆಯಲ್ಲಿ. "ಬಾಗಿಲು ಹಾಕ್ಕೊಂಡಿದ್ದು ನಿಜ, ಇಲ್ಲ ಅನ್ನಲ್ಲ. ಹೆದರಿಕೆ. ನೀವು ಹಾಕ್ಕೊಳ್ಳಲಿಲ್ವಾ?"

ಹಿರಿಯರು ಟೈ ಸಡಿಲಿಸಿದರು. "ಹಾಕ್ಕೊಂಡಿದ್ವಿ, ಮಾಮಾ" ಎಂದರು.

ಅಮ್ಮ ನಿಲ್ಲಿಸಲಿಲ್ಲ. "ನಮ್ಮ ಕ್ವಾರ್ಟರ್ಸಿನ ಮುಂದಿನ ರಸ್ತೆ ಗೊತ್ತಾ ನಿಮಗೆ? ಇವಳು ಹುಟ್ಟಿದ ವರ್ಷ ಒಬ್ಬ ಚುನಾವಣೆಗೆ ನಿಂತು ಟಾರು ಹಾಕಿಸ್ತೀನಿ ಅಂದ. ಗೆದ್ದ, ಕಾರು ತಗೊಂಡ. ಮಳೆಗಾಲದಲ್ಲಿ ಇವಳನ್ನ ಸೊಂಟದ ಮೇಲೆ ಕೂರಿಸ್ಕೊಂಡು, ಚಪ್ಪಲಿ ಕೈಲಿ ಹಿಡ್ಕೊಂಡು, ಕೆಸರಲ್ಲಿ ಡಾಕ್ಟರ ಹತ್ರ ಹೋಗಿದೀನಿ. ಆಮೇಲೆ ಅವನ ತಮ್ಮ ಬಂದ. ಅವನೂ ಟಾರು ಅಂದ! ಅವನ ಮುಖದ ಮೇಲೆ ಹೇಳೋಣ ಅಂದ್ರೆ ನಮ್ಮೆಜಮಾನ್ರು ಬಾಯಿ ಮುಚ್ಚಿಸಿದ್ರು. ಓಟು ನನಗೆ ಯಾವತ್ತೂ ಇರಲಿಲ್ಲ. ಆದ್ರೆ ಆ ಸಿಟ್ಟು ಹಾಗೇ ಇದೆ, ಅದನ್ನ ಎಲ್ಲಿ ಹಾಕ್ಲಿ?"

ಮೊದಲು ನಕ್ಕಿದ್ದು ಆ ಹಿರಿಯರೇ. ಆಮೇಲೆ ಕೋಣೆಗೆ ಕೋಣೆಯೇ ಮಾತಿಗೆ ಬಿತ್ತು. ಒಬ್ಬ ತನ್ನ ಊರಿನ ಮುರಿದ ಸೇತುವೆಯ ವಿಷಯ ಹೇಳಿದ, ಇನ್ನೊಬ್ಬಳು ನೀರೇ ಬಾರದ ನಲ್ಲಿಗೆ ಮೂವರು ಮಂತ್ರಿಗಳು ರಿಬ್ಬನ್ ಕತ್ತರಿಸಿದ ಕಥೆ ಹೇಳಿದಳು. ಅಮ್ಮ ನಡುವೆ ಕೂತು ತಲೆದೂಗುತ್ತ, "ಕಳ್ಳರು, ಕಳ್ಳರು" ಎನ್ನುತ್ತಿದ್ದಳು. ಅಷ್ಟು ಜನರ ಎದುರು, ಅಷ್ಟು ದೊಡ್ಡ ದನಿಯಲ್ಲಿ ಅವಳು ಸರ್ಕಾರವನ್ನು ಬೈದಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮುಖ ಕೆಂಪಗಾಗಿ, ವಯಸ್ಸು ಇಳಿದ ಹಾಗೆ ಕಂಡಳು.

ಅಷ್ಟರಲ್ಲಿ ಕಂಪ್ಯೂಟರ್ ಹತ್ತಿರ ಕೂತಿದ್ದವನು ಕೈ ಎತ್ತಿದ. ವಿರೋಧ ಪಕ್ಷ ಗೆದ್ದಿತ್ತು. ಸೋತವರು ಸೋಲು ಒಪ್ಪಿಕೊಂಡಿದ್ದರು. ಯಾರೋ ರಾಷ್ಟ್ರಗೀತೆ ಎತ್ತಿಕೊಂಡರು. ದಿನಾ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಹಾಡುತ್ತಿದ್ದ ಆ ಸಾಲುಗಳು ನನಗೆ ಒಂದಕ್ಷರವೂ ಮರೆತಿರಲಿಲ್ಲ. ನಾನು ಅತ್ತೆ. ನನ್ನ ಪಕ್ಕ ಹಾಡುತ್ತಿದ್ದ ಹಿರಿಯರೂ ಅತ್ತರು. ಹೊರಡುವಾಗ ಅವರು ಅಮ್ಮನಿಗೆ ಕೋಟು ಹಿಡಿದು ತೊಡಿಸಿ, ಉಳಿದ ಕೋಡುಬಳೆಯನ್ನು ತಮ್ಮ ಹೆಂಡತಿಗೆಂದು ಕಾಗದದಲ್ಲಿ ಕಟ್ಟಿಸಿಕೊಂಡು ಹೋದರು.

ಆಮೇಲೆ ಎಲ್ಲವೂ ಅಂದುಕೊಂಡಂತೆ ಆಗಲಿಲ್ಲ. ಹೊಸ ಸರ್ಕಾರ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದುಹಾಕಿತು. ತನ್ನ ಅಕ್ಕ ಕಲಿಸುವ ಶಾಲೆಗೆ ಅಷ್ಟೊಂದು ಮಕ್ಕಳು ಬಂದು, ಕೂರಲು ಬೆಂಚು ಸಾಲದೆ ಮರದ ಕೆಳಗೆ ಕೂತರು ಎಂದು ಗೆಳತಿ ಹೇಳಿದಾಗ ನಾವಿಬ್ಬರೂ ಅದನ್ನು ಒಳ್ಳೆಯ ಸುದ್ದಿ ಎಂದೇ ತಿಳಿದೆವು. ಆದರೆ ಮಂತ್ರಿಗಳು ಕೆಲವೇ ತಿಂಗಳಲ್ಲಿ ಒಬ್ಬರ ಕಾಲು ಒಬ್ಬರು ಎಳೆಯತೊಡಗಿದರು, ಹಳೆಯ ಮುಖಗಳು ಹೊಸ ಅಂಗಿ ತೊಟ್ಟು ಬಂದವು.

ಅಮ್ಮ ವೀಸಾ ಮುಗಿಯುವವರೆಗೂ ಇದ್ದಳು. ಭಾನುವಾರಗಳಲ್ಲಿ ಗೆಳತಿ ಬೆಳಗ್ಗೆಯೇ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅಮ್ಮ ದೋಸೆ ಹುಯ್ಯುತ್ತ, ಅವಳು ತಿನ್ನುತ್ತ, ಇಬ್ಬರೂ ಸೇರಿ ಹೊಸ ಮಂತ್ರಿಮಂಡಲದ ಮಾನ ಕಳೆಯುತ್ತಿದ್ದರು. "ಇವರು ಗೆದ್ದಾಗ ಅತ್ತವರು ನೀವ ಅಲ್ಲೇನ?" ಎಂದು ನನ್ನ ಗಂಡ ಕೆಣಕಿದರೆ, ಅಮ್ಮ ಸಟ್ಟುಗ ತೋರಿಸಿ, "ಅದಕ್ಕೇ ಬೈತಿರೋದು. ನಮ್ಮೋರು ಅಂತ ತಾನೇ ಗೆಲ್ಲಿಸಿದ್ದು!" ಎನ್ನುತ್ತಿದ್ದಳು. ಗೆಲ್ಲಿಸಿದ್ದು ನಾವಲ್ಲ ಎಂದು ನೆನಪಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ಕಾವಲಿ ಚುಂಯ್ ಎನ್ನುತ್ತಿತ್ತು, ಮಗಳು ಮೇಜಿನ ಕೆಳಗೆ ಕೂತು ಗೆಳತಿ ಕಲಿಸಿದ ಸ್ವಾಹಿಲಿ ಅಂಕಿಗಳನ್ನು ತಪ್ಪುತಪ್ಪಾಗಿ ಹೇಳಿಕೊಳ್ಳುತ್ತಿದ್ದಳು, ನಾನು ಇನ್ನೊಂದು ದೋಸೆಗೆ ತಟ್ಟೆ ಒಡ್ಡುತ್ತಿದ್ದೆ.