ದೌಲತಬಿಯ ಅಡಿಗೆ ಕಟ್ಟೆ

ಬಾಗಲಕೋಟೆಯ ನವನಗರದಲ್ಲಿ ನಿಂತು ಅಡಿಗೆ ಮಾಡುವ ಹೆಂಗಸರಲ್ಲಿ ಅರ್ಧದಷ್ಟು ಮಂದಿ ಗೌಂಡಿ ಖಾಸಿಂಸಾಬನನ್ನು ನೆನೆಯಬೇಕು. ಇಳಕಲ್ಲಿನ ಕೆಂಪು ಕಲ್ಲು ಹಾಸಿ ಅವನು ಕಟ್ಟಿದ ಅಡಿಗೆ ಕಟ್ಟೆಗಳು ಅಷ್ಟಿವೆ. ನನ್ನ ಮನೆಯದೂ ಅವನ ಕೈಯದೇ. ಅವನ ಹೆಂಡತಿ ದೌಲತಬಿ ಮಾತ್ರ ಹಳೆಯ ಊರಿನ ಮನೆಯಲ್ಲಿ ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಬಡತನದಿಂದಲ್ಲ. ಆ ಮನೆ ಮುಳುಗಡೆಯ ಪಟ್ಟಿಯಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಯಾವಾಗ ಬರುವುದೋ ಯಾರಿಗೂ ಗೊತ್ತಿರಲಿಲ್ಲ. ಬಂದೇ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ಸರ್ವೆಯವರು ಬಾಗಿಲ ಮೇಲೆ ನಂಬರ್ ಬರೆದು ಹೋದ ಮೇಲೆ ಆ ಓಣಿಯಲ್ಲಿ ಯಾರೂ ಗೋಡೆಗೆ ಸುಣ್ಣ ಕೂಡ ಬಳಿಯಲಿಲ್ಲ. ಮಾಳಿಗೆ ಸೋರಿದರೆ ಕೆಳಗೊಂದು ಬೋಗುಣಿ ಇಡುವುದು, ಅಷ್ಟೇ.

"ಮೊಣಕಾಲು ನೋಯ್ತಾವ, ಒಂದು ಕಟ್ಟಿ ಕಟ್ಟರಿ," ಎಂದು ಅವಳು ವರ್ಷಕ್ಕೊಮ್ಮೆಯಾದರೂ ಕೇಳುವಳು.

"ನೀರಿಗೆ ಹೋಗೂ ಮನಿಗೆ ಕಟ್ಟಿ ಯಾಕ? ಹೊಸಾ ಮನ್ಯಾಗ ಕಟ್ತೇನಿ," ಎನ್ನುವನು ಇವನು.

ಅವರ ಮಗಳಿಗೆ ಸಾಲಿ ಕಲಿಸಿದ ಅಕ್ಕೋರು ನಾನು. ಒಮ್ಮೆ ನನ್ನ ಮುಂದೆಯೂ ಈ ಮಾತು ಬಂದಾಗ, "ಇನ್ನೊಂದು ವರ್ಷ ತಡಿ, ದೌಲತಬಿ," ಎಂದುಬಿಟ್ಟೆ. ಕಟ್ಟೆಯ ಮುಂದೆ ನಿಂತು ಅಡಿಗೆ ಮಾಡುವವಳು ನಾನು, ತಡೆಯಲು ಹೇಳಿದ್ದು ಅವಳಿಗೆ. ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೀಗೆ ಇಪ್ಪತ್ತೆರಡು ವರ್ಷ ಹೋದವು. ನೀರೂ ಬರಲಿಲ್ಲ, ಹೊಸ ಮನೆಯೂ ಆಗಲಿಲ್ಲ. ಕಳೆದ ಮಳೆಗಾಲದಲ್ಲಿ ಒಲೆಯ ಮುಂದೆ ಕೂತಿದ್ದ ದೌಲತಬಿಗೆ ಏಳಲು ಆಗಲಿಲ್ಲ. ಮಗಳು ಅಫ್ಸಾನಾ ಎತ್ತಿ ದವಾಖಾನೆಗೆ ಕರೆದೊಯ್ದಳು. ಎರಡೂ ಮೊಣಕಾಲು ಸವೆದು ಹೋಗಿವೆ ಎಂದರು ಡಾಕ್ಟರು. ಮರುದಿನವೇ ಖಾಸಿಂಸಾಬ ಇಟ್ಟಿಗೆ, ಸಿಮೆಂಟು ತಂದ. ಮುಳುಗುವ ಮನೆಗೆ ಕಟ್ಟೆ ಕಟ್ಟುವ ಮುದುಕನನ್ನು ನೋಡಿ ಓಣಿಯೆಲ್ಲ ನಕ್ಕಿತು.

ಕಟ್ಟೆ ಆರಿದ ಮೇಲೆ ನನ್ನನ್ನು ಚಹಾಕ್ಕೆ ಕರೆದರು. ದೌಲತಬಿ ಒಳ್ಳೆಯ ಸೀರೆ ಉಟ್ಟು, ಕಲ್ಲಿನ ಅಂಚು ಹಿಡಿದು ನಿಂತು, ಗ್ಯಾಸಿನ ಮೇಲೆ ಹಾಲಿಟ್ಟಳು. ಸ್ವಲ್ಪ ಹೊತ್ತಿಗೇ ಅವಳ ಕಾಲು ನಡುಗತೊಡಗಿದವು.

"ಭಾಳ ಚಂದ ಆಗೇದರಿ ಅಕ್ಕೋರ," ಎಂದಳು. "ಹಾಲು ಉಕ್ಕೂತನಕ ನಿಲ್ಲಾಕ ಆಗವಲ್ದು."

ಅಫ್ಸಾನಾ ತಾನು ಮಾಡುತ್ತೇನೆಂದು ಬಂದರೆ ಬಿಡಲಿಲ್ಲ. ಅಕ್ಕೋರಿಗೆ ಚಹಾ ತಾನೇ ಮಾಡಬೇಕೆಂದು ಹಟ ಹಿಡಿದು, ಗೋಡೆಗೆ ಒರಗಿ, ಕಾಲು ಚಾಚಿ ನೆಲಕ್ಕೆ ಕೂತಳು. ಖಾಸಿಂಸಾಬ ಗ್ಯಾಸ್ ಆರಿಸಿ, ಒಲೆಯನ್ನು ಕಟ್ಟೆಯಿಂದ ಎತ್ತಿ ಅವಳ ಮುಂದೆ ಇಟ್ಟ. ನನ್ನ ಮುಖ ನೋಡಲಿಲ್ಲ.

"ಬರೇ ಎರಡು ದಿನದ ಕೆಲಸ ಇತ್ತರಿ ಅಕ್ಕೋರ," ಎಂದ.