ಬಾಳವ್ವನ ಹಾಜರಿ

ನಂಬಲಾಗುತ್ತಿಲ್ಲ...
ಟೈಪಿಂಗ್ ತಪ್ಪಿದ್ದರೆ ಕ್ಷಮಿಸಿ.

ನಮ್ಮ ಸುಮಿತ್ರಾ ಅಕ್ಕೋರು ಇನ್ನಿಲ್ಲ.

ಇವತ್ತು ಶನಿವಾರ, ಬೆಳಗಿನ ಶಾಲೆ. ಬೈಲಹೊಂಗಲದ ಮನೆಯಿಂದ ಬಸ್ಸಿಗೆ ಹೊರಡುವಾಗ ಎದೆನೋವು ಬಂದಿದೆ... ದವಾಖಾನೆ ಮುಟ್ಟಲೇ ಇಲ್ಲ.
ನಿನ್ನೆ ಮಧ್ಯಾಹ್ನ ನನ್ನ ಡಬ್ಬಿಯ ರೊಟ್ಟಿ-ಶೇಂಗಾ ಹಿಂಡಿ ತಿಂದು, ಖಾರ ಕಡಿಮೆಯಾಗಿದೆ, ನಿಮ್ಮ ಮನೆಯವರಿಗೆ ಹೇಳಿ ಅಂತ ಕೊಂಕು ತೆಗೆದವರು!

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ಸಂಪಗಾಂವದ ಕಡೆ ಇರುವ ನಮ್ಮ ಶಾಲೆಯಲ್ಲಿ ಅವರು ಕಿವಿ ಕೇಳದ ಮಕ್ಕಳ ಟೀಚರ್. ನಾನು ಗಣಿತದ ಮಾಸ್ತರ.
ಕಟ್ಟಡ ಬ್ರಿಟಿಷರ ಕಾಲದ್ದು, ಸಾವಿರದ ಒಂಬೈನೂರರ ಆಸುಪಾಸಿನದು. ಮೇಲೆ ಒಂದೇ ಕೋಣೆ, ಅದಕ್ಕೆ ಕಟ್ಟಿಗೆ ಹಲಗೆಯ ನೆಲ.
ಹೊಸ ಬಿಲ್ಡಿಂಗಿನಲ್ಲಿ ರೂಮ್ ಕೊಡುತ್ತೇವೆ ಅಂದರೂ ಅಕ್ಕೋರು ಆ ಕೋಣೆ ಬಿಡಲಿಲ್ಲ. ಅವರಿಗೆ ಹಲಗೆಯೇ ಬೇಕಿತ್ತು.

ಚಪ್ಪಲಿ ಬಿಟ್ಟು, ಹಿಮ್ಮಡಿಯಿಂದ ಎರಡು ಸಲ ಕುಟ್ಟುತ್ತಿದ್ದರು...
ಹಲಗೆ ಅದುರಿದ್ದು ಅಂಗಾಲಿಗೆ ಗೊತ್ತಾಗಿ ಆರೂ ಮಕ್ಕಳು ಅವರ ಕಡೆ ತಿರುಗುತ್ತಿದ್ದವು.
ಆಮೇಲೆ ಕೈಸನ್ನೆಯಲ್ಲಿ ಒಬ್ಬೊಬ್ಬರ ಹೆಸರು. ಹೆಸರು ಬಂದ ಮಗು ಒಂದು ಸಲ ಕಾಲು ಕುಟ್ಟಬೇಕು. ಅದೇ ಹಾಜರಿ.

ನನ್ನ ಕ್ಲಾಸು ಸರಿಯಾಗಿ ಅದರ ಕೆಳಗೆ. ದಿನಾ ಲೆಕ್ಕ ಬಿಡಿಸುತ್ತಾ ತಲೆಯ ಮೇಲೆ ಆ ಸದ್ದು ಎಣಿಸುತ್ತಿದ್ದೆ...
ಐದು ಸಲ ಕಾಲು. ಆಮೇಲೆ ಸುಮ್ಮನೆ. ಮತ್ತೊಮ್ಮೆ ಅಕ್ಕೋರ ಹಿಮ್ಮಡಿ ಎರಡು ಸಲ. ಮತ್ತೆ ಸುಮ್ಮನೆ.

ಮೊದಲನೆಯ ಮೌನ ರೇಣುಕಾಳದು.
ಏಳು ವರ್ಷದ ಹುಡುಗಿ. ಅಪ್ಪನಿಗೆ ಉಗರಗೋಳದಲ್ಲಿ ಕಾಯಿ-ಕರ್ಪೂರದ ಅಂಗಡಿ, ಇವಳು ಇಲ್ಲಿ ಅಜ್ಜಿಯ ಮನೆಯಲ್ಲಿ. ಸೇರಿದ ದಿನದಿಂದ ಒಮ್ಮೆಯೂ ಕಾಲು ಕುಟ್ಟಿಲ್ಲ.
ಈ ತಿಂಗಳು ಮುಗಿಯುವುದರೊಳಗೆ ಒಂದು ಸಲವಾದರೂ ಹಾಜರಿ ಹೇಳದಿದ್ದರೆ ಕರೆದುಕೊಂಡು ಹೋಗುತ್ತೇನೆ, ತಮ್ಮನನ್ನಾದರೂ ಆಡಿಸುತ್ತಾಳೆ ಅಂತ ಅವರಪ್ಪ ಖಡಾಖಂಡಿತವಾಗಿ ಹೇಳಿ ಹೋಗಿದ್ದ.
ಇವತ್ತೇ ಕಡೆಯ ದಿನ.

ಎರಡನೆಯ ಮೌನ ಬಾಳವ್ವನದು...
ಬಾಳವ್ವ ಅನ್ನುವ ಹುಡುಗಿ ಈಗ ಶಾಲೆಯಲ್ಲಿ ಇಲ್ಲ.
ಹಳೇ ಕಪಾಟಿನಲ್ಲಿ, ಕಟ್ಟಡದಷ್ಟೇ ವಯಸ್ಸಾದ ಒಂದು ಹಾಜರಿ ಮಸ್ಟರ್ ಅಕ್ಕೋರಿಗೆ ಸಿಕ್ಕಿತ್ತು. ಅದರಲ್ಲಿ ಆ ಹೆಸರಿನ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಬರೆದದ್ದು ಇಷ್ಟು: 'ಕಿವುಡಿ. ಕಲಿಯಲಾರಳು. ಹೆಸರು ತೆಗೆದಿದೆ.'
ಮರುದಿನದಿಂದ ಅಕ್ಕೋರು ಆ ಹೆಸರನ್ನೂ ಕರೆಯತೊಡಗಿದರು. ಬಳೆ ಸರಿಸಿದಂತೆ ಒಂದು ಸನ್ನೆ... ಅದು ಬಾಳವ್ವ. ಮಕ್ಕಳು ಹಲಗೆಯ ಮೇಲೆ ಅಂಗೈ ಊರಿ ಕಾಯುತ್ತಿದ್ದವು.

ದೆವ್ವದ ಹಾಜರಿ ತೆಗೆದುಕೊಳ್ಳುತ್ತೀರಾ ಅಂತ ಎಷ್ಟು ಸಲ ಕಾಡಿದೆ ನಾನು.
ನೀವು ನಗಲಿಲ್ಲ ಅಕ್ಕೋರೇ. ಒಂದೇ ಮಾತು ಅಂದಿರಿ:
"ಆಕಿನ್ನ ಒಮ್ಮೆ ಹೊರಗ ಹಾಕ್ಯಾರ್ರಿ ಸರ. ದಿನಾ ಹೊರಗ ಹಾಕೂದು ನನ್ನ ಕೈಲಿ ಆಗೂದಿಲ್ಲ."

ಇವತ್ತು ಪ್ರಾರ್ಥನೆ ಮುಗಿದರೂ ನೀವು ಬರಲಿಲ್ಲ. ಫೋನ್ ಎತ್ತಲಿಲ್ಲ. ಹೆಡ್‌ಮಾಸ್ತರು ನನ್ನನ್ನೇ ಮೇಲೆ ಕಳಿಸಿದರು.
ಮೆತ್ತನೆ ರಬ್ಬರಿನ ಬೂಟು ಹಾಕಿಕೊಂಡೇ ಕುಟ್ಟಿದೆ. ಒಬ್ಬರೂ ತಿರುಗಲಿಲ್ಲ. ಬೂಟು ಬಿಚ್ಚಿ ಕುಟ್ಟಿದೆ, ತಿರುಗಿದರು.
ನಿಮ್ಮನ್ನು ನೋಡಿ ಕಲಿತ ಸನ್ನೆಯಲ್ಲೇ ಹೆಸರು ಕರೆದೆ, ಐದು ಹಾಜರಿ ಬಂತು. ರೇಣುಕಾ ಕಾಲು ಮಡಿಚಿಕೊಂಡು ಕೂತೇ ಇದ್ದಳು.
ಮಸ್ಟರ್ ಮುಚ್ಚಿದೆ... ಇಲ್ಲದ ಹುಡುಗಿಯ ಹೆಸರು ಕರೆಯಲು ನಾಚಿಕೆಯಾಯಿತು ಅಕ್ಕೋರೇ. ತಪ್ಪು ಮಾಡಿದೆ.

ಮಕ್ಕಳು ಪುಸ್ತಕ ತೆಗೆಯಲಿಲ್ಲ. ಅಂಗೈ ಊರಿ ಕೂತವು. ನನಗೆ ಸಿಟ್ಟೇ ಬಂತು.
ಆಗ ಆರೂ ಜನ ಒಟ್ಟಿಗೆ ಬಾಗಿಲ ಕಡೆ ತಿರುಗಿದರು. ನೀವು ಕುಟ್ಟಿದಾಗ ತಿರುಗುತ್ತಿದ್ದ ಹಾಗೆಯೇ...

ಬಾಗಿಲಲ್ಲಿ ಯಾರೂ ಇರಲಿಲ್ಲ.
ನನ್ನ ಕಿವಿ ನೆಟ್ಟಗಿದೆ, ಏನೂ ಕೇಳಿಸಲಿಲ್ಲ. ಆದರೆ ಅಂಗಾಲಿಗೆ ಗೊತ್ತಾಯಿತು. ಎರಡು ಸಲ.

ರೇಣುಕಾ ಎದ್ದು ನಿಂತಳು. ಬಾಗಿಲನ್ನೇ ನೋಡುತ್ತಾ, ನಗುತ್ತಾ, ಒಂದು ಸಲ ಕಾಲು ಕುಟ್ಟಿದಳು...
ಅದರ ಹಿಂದೆಯೇ ಇನ್ನೊಂದು ಸಲ ಹಲಗೆ ಅದುರಿತು. ಅದು ರೇಣುಕಾಳ ಕಾಲಲ್ಲ. ಆರೂ ಜನರ ಕಾಲು ನಾನು ನೋಡುತ್ತಲೇ ಇದ್ದೆ.

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ನಿಮ್ಮ ತಮ್ಮ.
ಪ್ರಾರ್ಥನೆಗೂ ಮೊದಲೇ ಹೋಗಿದ್ದಿರಂತೆ.

ರೇಣುಕಾಳ ಅಪ್ಪನಿಗೆ ಆಗಲೇ ಹೇಳಿದೆ, ನಿನ್ನ ಮಗಳು ಹಾಜರಿ ಹೇಳಿದಳು ಅಂತ. ಬಹಳ ಹೊತ್ತು ಅತ್ತ. ಸೋಮವಾರ ತಪ್ಪದೆ ಕಳಿಸುತ್ತೇನೆ ಅಂದ. ಆಮೇಲೆ ಕೇಳಿದ:
"ಕರದವ್ರು ಯಾರ್ರಿ ಸರ?"

ಫೋನ್ ಇಟ್ಟುಬಿಟ್ಟೆ.

ಹೆದರಿಕೆ ಇನ್ನೂ ಹೋಗಿಲ್ಲ. ಆದರೂ ಮತ್ತೆ ಮೇಲೆ ಹೋಗಿ ಮಸ್ಟರಿನಲ್ಲಿ ರೇಣುಕಾಳ ಹಾಜರಿ ಹಾಕಿ ಬಂದೆ. ಅದರ ಕೆಳಗೆ ಬಾಳವ್ವನ ಹೆಸರು ಬರೆದು, ಅವಳದನ್ನೂ ಹಾಕಿದೆ.

ಸೋಮವಾರದಿಂದ ಬೂಟು ಬಿಚ್ಚಿ ನಾನೇ ಕುಟ್ಟುತ್ತೇನೆ. ಏಳೂ ಹೆಸರು ಕರೆಯುತ್ತೇನೆ, ಒಂದೂ ಬಿಡುವುದಿಲ್ಲ.

ಇನ್ನ ನೀವು ಬರೂದು ಬ್ಯಾಡ್ರಿ ಅಕ್ಕೋರ...
ಸಮಾಧಾನದಿಂದ ಹೋಗ್ರಿ.
🙏